ಬಿಡದ ನೋವಿಗೆ ಸಂಗೀತ: ಗುಣ ಕಂಡಿದೆಯೇ ಎಂದು ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ಸೊಂಟ, ಮಂಡಿ, ಕುತ್ತಿಗೆ ನೋವನ್ನು ಹೊತ್ತು ತಿರುಗುವವರು, ಅವರನ್ನು ಆಸ್ಪತ್ರೆಗೆ ಕರೆತರುವ ಮಕ್ಕಳು, ಸೊಸೆಯಂದಿರು ಕೇಳುವ ಪ್ರಶ್ನೆಗಳಿವು. "ಹಾಡು ಕೇಳಿದರೆ ನೋವು ಹೋಗುತ್ತದೆಯೇ?" ಎಂದು ಎಲ್ಲರೂ ಕೇಳುತ್ತಾರೆ. "ಹೋಗುತ್ತಿದೆ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ?" ಎಂದು ಕೇಳುವವರು ಕಡಿಮೆ. ಇಲ್ಲಿನ ಹೆಚ್ಚಿನ ಉತ್ತರಗಳು ಆ ಎರಡನೆಯ ಪ್ರಶ್ನೆಗೆ ಸೇರಿದವು. ಇದನ್ನು ಓದಿ ಯಾರೂ ತಮ್ಮ ಔಷಧಿಯನ್ನು ತಾವೇ ಬದಲಿಸಿಕೊಳ್ಳಬಾರದು.

ಎಷ್ಟು ದಿನದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ?

ಮೂರು ತಿಂಗಳು ದಾಟಿಯೂ ಉಳಿದಿರುವ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಿತು. ಅದರಲ್ಲಿ ದೀರ್ಘಕಾಲದ ನೋವಿಗೆ ಪ್ರತ್ಯೇಕ ಸ್ಥಾನವಿದೆ. ಬೇರೊಂದು ಕಾಯಿಲೆಯ ಬಾಲವಾಗಿ ಮಾತ್ರವಲ್ಲ, ತಾನೇ ಒಂದು ಕಾಯಿಲೆಯಾಗಿಯೂ ಅದನ್ನು ಪರಿಗಣಿಸಬಹುದು ಎಂದು ಇದರ ಅರ್ಥ. "ಎಕ್ಸ್‌ರೇಯಲ್ಲಿ ಏನೂ ಇಲ್ಲ, ಸುಮ್ಮನೆ ನೋವು ನೋವು ಎನ್ನುತ್ತಾರೆ" ಎಂದು ಮನೆಯಲ್ಲಿ ಮಾತು ಕೇಳಿಸಿಕೊಂಡವರಿಗೆ ಇದು ಸಣ್ಣ ಸಮಾಧಾನವಲ್ಲ.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಪ್ರಕಾರ ನೋವು ದೇಹದ ಅನುಭವವೂ ಹೌದು, ಭಾವನೆಯ ಅನುಭವವೂ ಹೌದು. ಅನುಭವ ಎಂದ ಮೇಲೆ ಅದನ್ನು ಅನುಭವಿಸುವವರನ್ನೇ ಕೇಳಬೇಕು. ಬೇರೆ ದಾರಿ ಇಲ್ಲ.

ಹಾಡು ಕೇಳುವುದೇ ಸಂಗೀತ ಚಿಕಿತ್ಸೆಯೇ?

ಅಲ್ಲ. ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಮಲಗುವುದು ಸಂಗೀತ ಶ್ರವಣ. ದಾದಿಯರೋ ವೈದ್ಯರೋ ಆರಿಸಿಕೊಟ್ಟ ಧ್ವನಿಮುದ್ರಿಕೆಯನ್ನು ಗೊತ್ತಾದ ಹೊತ್ತಿನಲ್ಲಿ ಕೇಳಿಸಿದರೂ ಅದು ಶ್ರವಣವೇ, ತುಸು ಶಿಸ್ತಿನದು ಅಷ್ಟೇ. ತರಬೇತಿ ಪಡೆದ ಚಿಕಿತ್ಸಕರು ನಿಮ್ಮ ನೋವಿನ ಚರಿತ್ರೆ ಕೇಳಿ, ಗುರಿ ಗೊತ್ತುಮಾಡಿ, ನಿಮ್ಮೊಂದಿಗೆ ಹಾಡಿ, ನುಡಿಸಿ, ಉಸಿರಾಟವನ್ನು ಲಯಕ್ಕೆ ಹೊಂದಿಸಿ, ಪ್ರತಿ ಭೇಟಿಯಲ್ಲೂ ಏನು ಬದಲಾಯಿತೆಂದು ದಾಖಲಿಸುತ್ತಾ ಹೋದರೆ ಅದು ಚಿಕಿತ್ಸೆ. ಎರಡೂ ಉಪಯೋಗಕ್ಕೆ ಬರಬಹುದು. ಆದರೆ ಒಂದರ ಫಲಿತಾಂಶವನ್ನು ಇನ್ನೊಂದರ ಹೆಸರಿನಲ್ಲಿ ಹೇಳಬಾರದು, ಜಾಹೀರಾತುಗಳು ಮಾಡುವುದು ಅದನ್ನೇ.

ಸಂಗೀತದಿಂದ ನೋವು ಇಳಿಯುತ್ತದೆ ಎಂಬುದಕ್ಕೆ ಆಧಾರವಿದೆಯೇ?

ಇದೆ. ಆದರೆ ನಿರೀಕ್ಷೆ ಹದದಲ್ಲಿರಲಿ. 97 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2016ರ ವಿಶ್ಲೇಷಣೆಯೊಂದರಲ್ಲಿ ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಕಂಡ ಸರಾಸರಿ ಇಳಿಕೆ ಒಂದು ಅಂಕಕ್ಕಿಂತ ತುಸು ಹೆಚ್ಚು. ಅದರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ನೋವಿನಂಥ ತಾತ್ಕಾಲಿಕ ನೋವುಗಳೂ ಸೇರಿದ್ದವು. ದೀರ್ಘಕಾಲದ ನೋವನ್ನು ಮಾತ್ರ ಆಯ್ದುಕೊಂಡ 2017ರ ವಿಮರ್ಶೆಯಲ್ಲಿ 14 ಪ್ರಯೋಗಗಳಿದ್ದವು. ಅಲ್ಲಿಯೂ ನೋವು ಮತ್ತು ಖಿನ್ನತೆಯ ಲಕ್ಷಣಗಳು ಇಳಿದದ್ದು ಕಂಡಿತು.

ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ಮನೆಗಳಿಗೆ ಹತ್ತಿರದ್ದು. ದೀರ್ಘಕಾಲದ ನೋವಿದ್ದ 60 ಮಂದಿಯನ್ನು ಮೂರು ಗುಂಪು ಮಾಡಿ, ಎರಡು ಗುಂಪುಗಳಿಗೆ ದಿನಕ್ಕೊಂದು ಗಂಟೆಯಂತೆ ಒಂದು ವಾರ ಸಂಗೀತ ಕೇಳಿಸಿದರು. ಮೂರನೆಯ ಗುಂಪಿಗೆ ಎಂದಿನ ಆರೈಕೆ ಮಾತ್ರ. ಸಂಗೀತ ಕೇಳಿದವರಲ್ಲಿ ನೋವು, ಖಿನ್ನತೆ, ನೋವಿನಿಂದ ಕೆಲಸಕಾರ್ಯಕ್ಕೆ ಆಗುವ ಅಡ್ಡಿ ಮೂರೂ ಕಡಿಮೆಯಾಗಿದ್ದವು. ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ ಇದು, ಖರ್ಚೂ ಇಲ್ಲ.

ಹಾಗಾದರೆ ಹೇಗೆ ಇಳಿಯುತ್ತದೆ? 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಸಂಶೋಧಕರು ಮಂಡಿಸಿದ ದ್ವಾರ ನಿಯಂತ್ರಣ ಸಿದ್ಧಾಂತದ ತಿರುಳು ಇಷ್ಟು: ಗಾಯದಿಂದ ಹೊರಟ ಸಂಕೇತ ನೆಟ್ಟಗೆ ಮೆದುಳಿಗೆ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಅದಕ್ಕೆ ತಡೆ ಇದೆ, ಮೆದುಳಿನಿಂದ ಕೆಳಗಿಳಿಯುವ ಸಂಕೇತಗಳೂ ಆ ತಡೆಯನ್ನು ಬಿಗಿ ಅಥವಾ ಸಡಿಲ ಮಾಡುತ್ತವೆ. ಗಮನ, ಭಯ, ನೆಮ್ಮದಿ ಇವು ಕೆಲಸ ಮಾಡುವ ಜಾಗ ಅದು. ಸಿದ್ಧಾಂತದ ವಿವರಗಳು ಆಮೇಲೆ ತಿದ್ದುಪಡಿ ಕಂಡಿವೆ, ಮೂಲ ಆಲೋಚನೆ ನಿಂತಿದೆ.

"ಹತ್ತಕ್ಕೆ ಎಷ್ಟು ನೋವು?" ಎಂದು ಕೇಳಿದರೆ ಏನು ಹೇಳಬೇಕು?

ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ನೀವು ಊಹಿಸಬಹುದಾದ ಅತಿ ಕೆಟ್ಟ ನೋವು. ಆ ಹೊತ್ತಿನ ನೋವು ಎಲ್ಲಿ ನಿಲ್ಲುತ್ತದೋ ಆ ಅಂಕಿ ಹೇಳಿ. ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ. ಪಕ್ಕದ ಮನೆಯವರ ಆರಕ್ಕೂ ನಿಮ್ಮ ಆರಕ್ಕೂ ಹೋಲಿಕೆಯಿಲ್ಲ. ನಿಮ್ಮ ಇಂದಿನ ಆರನ್ನು ನಿಮ್ಮದೇ ಮುಂದಿನ ತಿಂಗಳ ಅಂಕಿಯೊಂದಿಗೆ ಹೋಲಿಸಬಹುದು, ಅಷ್ಟೇ.

ಕೆಲವು ಕಡೆ ಹತ್ತು ಸೆಂಟಿಮೀಟರ್ ಉದ್ದದ ಗೆರೆ ಎಳೆದು ಗುರುತು ಹಾಕಿ ಎನ್ನುತ್ತಾರೆ. ಮುಖಗಳ ಚಿತ್ರ ತೋರಿಸುವ ಪದ್ಧತಿಯೂ ಇದೆ. ಯಾವುದಾದರೂ ಸರಿ, ನಡುವೆ ಬದಲಿಸಬೇಡಿ.

ನಮ್ಮ ಅಜ್ಜಿಗೆ ಹತ್ತರ ಲೆಕ್ಕ ಹಿಡಿಸುವುದಿಲ್ಲ. ಏನು ಮಾಡುವುದು?

ಅಜ್ಜಿಯ ಲೆಕ್ಕದಲ್ಲೇ ಕೇಳಿ. ರೂಪಾಯಿಗೆ ಹದಿನಾರರ ಲೆಕ್ಕದ ಆಣೆ ನಾಣ್ಯ 1957ರಲ್ಲಿ ಹೊಸ ಪೈಸೆಗೆ ಜಾಗ ಬಿಟ್ಟುಕೊಟ್ಟಿತು, ಹಿರಿಯರ ಮಾತಿನಲ್ಲಿ ಮಾತ್ರ ಇಂದಿಗೂ ಚಲಾವಣೆಯಲ್ಲಿದೆ. "ರೂಪಾಯಿಗೆ ನಾಲ್ಕಾಣೆ ಕಡಿಮೆ ಆಗಿದೆಯಪ್ಪ" ಎಂದು ಚಳ್ಳಕೆರೆಯ ಕಡೆಯ ಅಜ್ಜಿ ಹೇಳಿದರೆ ಅದು ಶೇಕಡ 25ರ ಇಳಿಕೆ, ಯಾವ ಪ್ರಶ್ನಾವಳಿಗೂ ಕಡಿಮೆಯಿಲ್ಲದ ಉತ್ತರ. ಕೇಳುವವರು ಒಂದು ಎಚ್ಚರ ವಹಿಸಬೇಕು. ಆ ರೂಪಾಯಿ ಯಾವ ದಿನದ್ದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. "ಹಾಡು ಶುರು ಮಾಡುವ ಮುಂಚಿನ ವಾರ ಇದ್ದ ನೋವು ಒಂದು ರೂಪಾಯಿ ಎಂದಿಟ್ಟುಕೊಳ್ಳಿ, ಈಗ ಎಷ್ಟಾಣೆ ಉಳಿದಿದೆ?" ಎಂದು ಕೇಳಿ. "ಎಷ್ಟಾಣೆ ಕಡಿಮೆ ಆಯಿತು?" ಎಂದು ಕೇಳಿದರೆ ಕಡಿಮೆ ಆಗಿರಲೇಬೇಕು ಎಂದು ನಾವೇ ಬಾಯಿಗೆ ತುರುಕಿದಂತಾಗುತ್ತದೆ.

ಆದರೆ ಆಣೆಯ ಲೆಕ್ಕ ಹಳೆಯ ನೋವಿನ ನೆನಪನ್ನು ಅವಲಂಬಿಸುತ್ತದೆ, ನೆನಪು ಜಾರುತ್ತದೆ. ದಿನದಿನದ ನೋವಿಗೆ ಹತ್ತು ಹುಣಸೆ ಬೀಜ ಮುಂದಿಟ್ಟು "ಇವತ್ತಿನ ನೋವಿನಷ್ಟು ಈಚೆ ಎತ್ತಿಡಿ" ಎನ್ನಬಹುದು. ಮಕ್ಕಳ ನೋವನ್ನು ಕೇಳಲು ನಾಲ್ಕು ಬಿಲ್ಲೆಗಳನ್ನು ಕೊಡುವ ವಿಧಾನ ಬಹಳ ಹಿಂದಿನಿಂದ ಬಳಕೆಯಲ್ಲಿದೆ, ಇದು ಅದರದೇ ದಾರಿ. ಓದು ಬರಹ ಬಾರದವರೂ ಬೀಜ ಎತ್ತಿಡುವಾಗ ಎರಡು ಸಲ ಯೋಚಿಸುತ್ತಾರೆ. ಐದು ಎತ್ತಿಟ್ಟು, ಮೊಣಕಾಲನ್ನು ಒಮ್ಮೆ ಒತ್ತಿ ನೋಡಿಕೊಂಡು, ಇನ್ನೊಂದನ್ನು ಸೇರಿಸುತ್ತಾರೆ. ಆ ಆರು ನಂಬಬಹುದಾದ ಆರು.

ಅಂಕಿ ಬೇಡ, ಬಾಯಿಮಾತಿನಲ್ಲಿ ಹೇಳಿದರೆ ಸಾಲದೇ?

ಎರಡೂ ಬೇಕು. ಅಂಕಿ ಎಷ್ಟೆಂದು ಹೇಳುತ್ತದೆ, ಮಾತು ಎಂಥದ್ದೆಂದು ಹೇಳುತ್ತದೆ. ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಪದಗಳನ್ನು 20 ಗುಂಪುಗಳಾಗಿ ಜೋಡಿಸಿದ್ದಾರೆ. ನಮ್ಮಲ್ಲಿ ಪದಗಳಿಗೆ ಬರವೇ? ಚುಚ್ಚು, ಇರಿತ, ಸೆಳೆತ, ಸಿಡಿತ, ಕುಕ್ಕು, ಉರಿ, ಹಿಂಡಿದಂತೆ, ಇರುವೆ ಹರಿದಂತೆ, ಜೋಮು ಹಿಡಿದಂತೆ. ಸಕ್ಕರೆ ಕಾಯಿಲೆಯವರು "ಅಂಗಾಲು ಉರಿ, ರಾತ್ರಿ ಹೆಚ್ಚು" ಎಂದರೆ ನರದ ನೋವಿನ ಕಡೆಗೆ ವೈದ್ಯರ ಗಮನ ಹೋಗುತ್ತದೆ, ಔಷಧಿಯೇ ಬೇರೆಯಾಗಬಹುದು. ಸಂಗೀತದ ನಂತರ ಅಂಕಿ ಅಲ್ಲೇ ಇದ್ದು, "ಇರಿತ" ಎನ್ನುತ್ತಿದ್ದವರು "ಮಂದ ನೋವು" ಎಂದರೆ ಅದನ್ನೂ ಬರೆದಿಡಿ.

ಇನ್ನೊಂದು ಮಾತಿದೆ, "ಪರವಾಗಿಲ್ಲ". ಹಾಡಿಸುವವರು ಅಷ್ಟು ದೂರದಿಂದ ಬಂದಿದ್ದಾರೆ, ಮಗ ಅಷ್ಟು ಆಸೆಯಿಂದ ಸ್ಪೀಕರ್ ತಂದಿದ್ದಾನೆ, ಅವರ ಮನಸ್ಸು ನೋಯಿಸುವುದೇಕೆ ಎಂದು ಹಿರಿಯರು "ಪರವಾಗಿಲ್ಲ" ಎಂದುಬಿಡುತ್ತಾರೆ. ಅದು ಸೌಜನ್ಯ, ಅಳತೆಯಲ್ಲ. ಆದ್ದರಿಂದ ಹಾಡಿಸಿದವರೇ ಫಲಿತಾಂಶ ಕೇಳಬಾರದು. ಬೇರೆಯವರು ಕೇಳಲಿ.

ಎಷ್ಟು ಇಳಿದರೆ ನಿಜವಾಗಿ ಇಳಿದಂತೆ?

ಶೇಕಡ 30, ಅಥವಾ ಹತ್ತರಲ್ಲಿ ಎರಡು ಅಂಕ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು, "ನನಗೆ ಬಹಳ ಸುಧಾರಿಸಿದೆ" ಎಂದ ರೋಗಿಗಳ ಅಂಕಿಗಳು ಎಷ್ಟು ಇಳಿದಿದ್ದವು ಎಂದು ನೋಡಿ ಈ ಮಟ್ಟಕ್ಕೆ ಬಂದಿತು. ಆಮೇಲಿನ ತಜ್ಞರ ಶಿಫಾರಸುಗಳು ಶೇಕಡ 10ರಿಂದ 20ರ ಇಳಿಕೆಯನ್ನು ಅಲ್ಪ, 30ನ್ನು ಸಾಧಾರಣ, 50ನ್ನು ಗಣನೀಯ ಎಂದು ವಿಂಗಡಿಸಿವೆ. ಅಜ್ಜಿಯ ಲೆಕ್ಕದಲ್ಲಿ ರೂಪಾಯಿಗೆ ಐದಾಣೆ ಇಳಿದರೆ ನೋವು ನಿಜವಾಗಿ ಇಳಿದಿದೆ ಎಂದು ಹೇಳಬಹುದು, ಅದು ಹಾಡಿನಿಂದಲೇ ಇಳಿಯಿತೇ ಎಂಬುದು ಬೇರೆ ಪ್ರಶ್ನೆ. ಒಂದಾಣೆ ಇಳಿದರೆ ಅದು ಗಾಳಿಗೆ ಇಳಿದದ್ದೋ ಹಾಡಿಗೆ ಇಳಿದದ್ದೋ ಹೇಳುವುದು ಕಷ್ಟ.

ಅಂಕಿ ಇಳಿಯಲೇ ಇಲ್ಲ. ಸಂಗೀತ ಬಿಟ್ಟುಬಿಡುವುದೇ?

ತಡೆಯಿರಿ. ಈ ಪ್ರಶ್ನೆಗೇ ನಾನು ಹೆಚ್ಚು ಹೊತ್ತು ಕೊಡುವುದು.

ವರ್ಷಗಳಿಂದ ಇರುವ ನೋವು ಒಂದು ತಿಂಗಳ ಹಾಡಿಗೆ ಬಿಟ್ಟುಹೋಗುವುದು ಅಪರೂಪ. ಆದರೆ ನೋವು ಅಷ್ಟೇ ಇದ್ದೂ ಬದುಕು ಬದಲಾಗಬಹುದು. ಅದಕ್ಕೇ ನೋವಿನ ಸಂಕ್ಷಿಪ್ತ ಪ್ರಶ್ನಾವಳಿ ಎಂದು ಜಗತ್ತಿನಾದ್ಯಂತ ಬಳಸುವ ಪಟ್ಟಿಯಲ್ಲಿ ತೀವ್ರತೆಯ ಜತೆಗೆ ಇನ್ನೂ ಏಳು ವಿಷಯಗಳನ್ನು ಕೇಳುತ್ತಾರೆ. ದಿನದ ಚಟುವಟಿಕೆ, ಮನಸ್ಸಿನ ಸ್ಥಿತಿ, ನಡಿಗೆ, ದುಡಿಮೆ, ಇತರರೊಂದಿಗಿನ ಸಂಬಂಧ, ನಿದ್ರೆ, ಬದುಕಿನ ಸಂತೋಷ ಇವುಗಳಿಗೆ ನೋವು ಎಷ್ಟು ಅಡ್ಡ ಬಂದಿದೆ ಎಂದು ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರಲ್ಲಿ ಅಂಕ. ಅಷ್ಟು ಪುರುಸೊತ್ತಿಲ್ಲದ ವೈದ್ಯರಿಗಾಗಿ 2009ರಲ್ಲಿ ಮೂರೇ ಪ್ರಶ್ನೆಗಳ ರೂಪ ಬಂದಿತು: ಕಳೆದ ವಾರದ ಸರಾಸರಿ ನೋವು ಎಷ್ಟು, ಅದು ಬದುಕಿನ ಸಂತೋಷಕ್ಕೆ ಎಷ್ಟು ಅಡ್ಡಿಯಾಯಿತು, ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು. ಮನೆಯಲ್ಲಿ ಈ ಮೂರು ಸಾಕು.

ನನ್ನ ಮಟ್ಟಿಗೆ ಇನ್ನೂ ನೇರವಾದ ದಾರಿಯಿದೆ. ಹಾಡು ಶುರುಮಾಡುವ ಮೊದಲೇ "ನೋವಿನಿಂದ ಬಿಟ್ಟುಹೋದ ಯಾವ ಒಂದು ಕೆಲಸ ಮತ್ತೆ ಮಾಡಬೇಕು?" ಎಂದು ಕೇಳಿ ಬರೆದಿಡಿ. ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಭುಜ ಹಿಡಿದವರಿಗೆ ಕೈ ಎತ್ತಿ ತಲೆ ಬಾಚಿಕೊಳ್ಳುವುದು ಗುರಿಯಾಗಬಹುದು. ಮೊಳಕಾಲ್ಮೂರಿನ ನೇಕಾರರಿಗೆ ಮಗ್ಗದ ಗುಂಡಿಯಲ್ಲಿ ಎದ್ದೇಳದೆ ಅರ್ಧ ಗಂಟೆ ಕೂರುವುದು. ದಾವಣಗೆರೆಯ ನಿವೃತ್ತ ಗುಮಾಸ್ತರಿಗೆ ಕುಂದುವಾಡ ಕೆರೆಯ ಏರಿಯ ಮೇಲೆ ಎಲ್ಲೂ ಕೂರದೆ ಒಂದಷ್ಟು ದೂರ ನಡೆಯುವುದು. ಇಂಥದ್ದು ಆಯಿತೋ ಇಲ್ಲವೋ ಎಂಬುದರಲ್ಲಿ ಸೌಜನ್ಯಕ್ಕೆ ಜಾಗವಿಲ್ಲ. ಮೊದಲೇ ಬರೆಯದಿದ್ದರೆ, ಆಮೇಲೆ ಏನು ಸುಧಾರಿಸಿತೋ ಅದನ್ನೇ ಗುರಿಯೆಂದು ಹೇಳಿಕೊಳ್ಳುವ ಚಪಲ ಎಲ್ಲರಿಗೂ ಬರುತ್ತದೆ, ಸಂಶೋಧಕರಿಗೂ ಬರುತ್ತದೆ.

ಮಂಡಿ, ಸೊಂಟದವರಿಗೆ ಗಡಿಯಾರದ ಪರೀಕ್ಷೆಯೂ ಒಂದಿದೆ. ಕೈಯಿರುವ ಕುರ್ಚಿಯಿಂದ ಮೂರು ಮೀಟರ್ ಅಳೆದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಹಾಕಿ. "ಹೊರಡಿ" ಎಂದ ಕ್ಷಣದಿಂದ, ಎದ್ದು, ಎಂದಿನ ನಡಿಗೆಯಲ್ಲಿ ಗೆರೆಯವರೆಗೆ ಹೋಗಿ, ತಿರುಗಿ ಬಂದು ಕೂರುವವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಮೊಬೈಲಿನಲ್ಲಿ ನೋಡಿ. ಹಿರಿಯರಲ್ಲಿ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯ ಇದೆ ಎಂದು ಪರಿಗಣಿಸುತ್ತಾರೆ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅದೇ ಕುರ್ಚಿ, ಅದೇ ಚಪ್ಪಲಿ, ಅದೇ ಹೊತ್ತು ಇರಲಿ.

ದಿನಚರಿ ಬರೆಯುವುದು ಹೇಗೆ?

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಬೆಳಗ್ಗೆ ಎದ್ದಾಗ ಮತ್ತು ರಾತ್ರಿ ಮಲಗುವಾಗ ನೋವಿನ ಅಂಕಿ, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಎಷ್ಟು ನೋವಿನ ಮಾತ್ರೆ, ಎಷ್ಟು ನಿಮಿಷ ಸಂಗೀತ. ಕೊನೆಗೆ ಅರ್ಧ ಸಾಲು: "ಸಂತೆಗೆ ಹೋಗಿದ್ದೆ", "ಈರುಳ್ಳಿ ಕೊಯ್ಲು", "ಮಗಳು ಬಂದಿದ್ದಳು". ಆ ಅರ್ಧ ಸಾಲಿನಲ್ಲೇ ಹಲವು ಸಲ ಅಂಕಿಯ ಗುಟ್ಟು ಇರುತ್ತದೆ. ನಿನ್ನೆಯ ಅಂಕಿ ನೋಡಿಕೊಂಡು ಇಂದಿನದನ್ನು ಬರೆಯಬೇಡಿ, ಪುಟ ಮಡಿಸಿಟ್ಟುಬಿಡಿ. ಮೂರು ದಿನ ಬಿಟ್ಟುಹೋದರೆ ಖಾಲಿ ಬಿಡಿ. ಒಟ್ಟಿಗೆ ಕೂತು ತುಂಬಿಸಿದ ದಿನಚರಿಗಿಂತ ಖಾಲಿ ಪುಟ ಮೇಲು.

ಒಂದು ಲೆಕ್ಕ ಮಾಡಿ ತೋರಿಸುತ್ತೀರಾ?

ಕಲ್ಪಿತ ಉದಾಹರಣೆ ನೋಡಿ. ಹೊಳಲ್ಕೆರೆಯ ಕಡೆಯ ಒಬ್ಬ ಗೃಹಿಣಿ, ಸೊಂಟ ನೋವು. ಸಂಗೀತವಿಲ್ಲದ ಮೊದಲ ವಾರ ರಾತ್ರಿಯ ಅಂಕಿಗಳು 7, 6, 8, 7, 7, 6, 8. ಕೂಡಿದರೆ 49, ಸರಾಸರಿ 7. ಎರಡನೆಯ ವಾರ ದಿನಾ ಸಂಜೆ ಅರ್ಧ ಗಂಟೆ ತಮಗಿಷ್ಟವಾದ ವಚನ ಗಾಯನ ಕೇಳಿದರು: 6, 5, 6, 5, 6, 5, 5. ಒಟ್ಟು 38, ಸರಾಸರಿ 5.4. ಮೂರನೆಯ ವಾರ ಬೇಕೆಂದೇ ಸಂಗೀತ ನಿಲ್ಲಿಸಿದರು: 6, 7, 6, 7, 7, 6, 7. ಸರಾಸರಿ 6.6. ನಾಲ್ಕನೆಯ ವಾರ ಮತ್ತೆ ಕೇಳಿದರು: 5, 6, 5, 5, 5, 6, 5. ಸರಾಸರಿ 5.3.

ಮೊದಲೆರಡು ವಾರ ನೋಡಿದರೆ ಇಳಿಕೆ ಶೇಕಡ 22, ಅಂದರೆ ರೂಪಾಯಿಗೆ ಮೂರೂವರೆ ಆಣೆ. ಐದಾಣೆಯ ಗೆರೆ ಮುಟ್ಟಲಿಲ್ಲ. ಆದರೆ ನಿಲ್ಲಿಸಿದಾಗ ಏರಿ, ಶುರುಮಾಡಿದಾಗ ಇಳಿದಿದೆ. ಜತೆಗೆ ರಾತ್ರಿ ಮೂರು ಸಲ ಎಚ್ಚರವಾಗುತ್ತಿದ್ದದ್ದು ಒಂದಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ಆಗ ನಾನು "ಮುಂದುವರಿಸಿ" ಎನ್ನುತ್ತೇನೆ. ಮೂರನೆಯ ವಾರವೂ 5.4ರಲ್ಲೇ ಉಳಿದಿದ್ದರೆ, ಇಳಿದದ್ದಕ್ಕೆ ಬೇರೆ ಏನೋ ಕಾರಣ ಇರಬಹುದು ಅಥವಾ ಸಂಗೀತದ ಪರಿಣಾಮ ಉಳಿದುಕೊಂಡಿರಬಹುದು, ಇನ್ನಷ್ಟು ವಾರ ನೋಡೋಣ ಎನ್ನುತ್ತಿದ್ದೆ.

ನೋವು ಇಳಿದ ಮೇಲೆ ಮುಗಿಯಿತಲ್ಲ, ಮತ್ತೆ ನಿಲ್ಲಿಸಿ ನೋಡುವ ಉಸಾಬರಿ ಏಕೆ?

ನೋವು ತಾನಾಗಿಯೂ ಏರಿಳಿಯುತ್ತದೆ. ನಾವು ಹೊಸ ಚಿಕಿತ್ಸೆಗೆ ಕೈ ಹಾಕುವುದು ನೋವು ತಾಳಲಾರದಷ್ಟು ಏರಿದಾಗ. ಆ ತುದಿ ಮುಟ್ಟಿದ ಮೇಲೆ ಹೆಚ್ಚಿನ ಸಲ ಅದು ಇಳಿಯಲೇಬೇಕು. ಮಳೆ ಜೋರಾದಾಗ ಕೊಡೆ ಬಿಚ್ಚಿ, ಸ್ವಲ್ಪ ಹೊತ್ತಿಗೆ ಮಳೆ ನಿಂತರೆ, ಕೊಡೆಯಿಂದ ಮಳೆ ನಿಂತಿತು ಎಂದ ಹಾಗಾಗುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯತ್ತ ಮರಳುವಿಕೆ ಎಂಬ ಹೆಸರಿದೆ. ಸುಗ್ಗಿ ಮುಗಿದು ಮೈಗೆ ಬಿಡುವು ಸಿಕ್ಕಿದ್ದು, ಚಳಿ ಹೋದದ್ದು, ಯಾರೋ ದಿನಾ ಪಕ್ಕದಲ್ಲಿ ಕೂತು ವಿಚಾರಿಸಿದ್ದು ಇವೆಲ್ಲ ಅದರ ಮೇಲೆ ಸೇರುತ್ತವೆ.

ದೊಡ್ಡ ಅಧ್ಯಯನಗಳು ಇದಕ್ಕಾಗಿಯೇ ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪಿಗೆ ಹಂಚುತ್ತವೆ, ಒಂದಕ್ಕೆ ಸಂಗೀತ, ಇನ್ನೊಂದಕ್ಕೆ ಇಲ್ಲ. ಮಾತ್ರೆಯಾದರೆ ಹುಸಿ ಮಾತ್ರೆ ಕೊಡಬಹುದು. ಹುಸಿ ಹಾಡು ಎಲ್ಲಿಂದ ತರುವುದು? ಕೇಳುವವರಿಗೆ ತಾನು ಹಾಡು ಕೇಳುತ್ತಿದ್ದೇನೆಂದು ಗೊತ್ತೇ ಇರುತ್ತದೆ. ಸಂಗೀತದ ಅಧ್ಯಯನಗಳ ಬಿಡಿಸಲಾಗದ ತೊಡಕು ಇದು. ಕೆಲವರು ಹೋಲಿಕೆಗೆ ಕಥೆ ಓದಿ ಕೇಳಿಸುತ್ತಾರೆ, ಕೆಲವರು ಬರೀ ವಿಶ್ರಾಂತಿ ಕೊಡುತ್ತಾರೆ. ಮನೆಯಲ್ಲಿ ಎರಡು ಗುಂಪು ಮಾಡಲು ಬರುವುದಿಲ್ಲವಾದ್ದರಿಂದ ಒಬ್ಬರಲ್ಲೇ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು ನೋಡುವುದು.

ಸೊಂಟ ನೋವಿಗೆ ಯಾವ ರಾಗ? ಮಂಡಿಗೆ ಯಾವುದು?

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಪಟ್ಟಿಯನ್ನು ನಾನೂ ನೋಡಿದ್ದೇನೆ. ಮಧುಮೇಹಕ್ಕೊಂದು, ಮೂಲವ್ಯಾಧಿಗೊಂದು ಎಂದು ರಾಗಗಳನ್ನು ಮಾತ್ರೆಯಂತೆ ಹಂಚಿರುತ್ತಾರೆ. ರಾಗಕ್ಕೂ ಅಂಗಾಂಗಕ್ಕೂ ಹೀಗೆ ಗಂಟು ಹಾಕಲು ಆಧಾರವಿಲ್ಲ. ಆನಂದಭೈರವಿ ರಾಗವನ್ನು ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಪರೀಕ್ಷಿಸಿದ ಭಾರತೀಯ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿದೆ, ನಿಜ. ಆದರೆ ಹೊಲಿಗೆ ಹಾಕಿದ ಗಾಯದ ನೋವು ಬೇರೆ, ಹತ್ತು ವರ್ಷದ ಸೊಂಟ ನೋವು ಬೇರೆ.

2017ರ ವಿಮರ್ಶೆಯಲ್ಲಿ ರೋಗಿಯೇ ಆರಿಸಿಕೊಂಡ ಸಂಗೀತ ಹೆಚ್ಚು ಫಲ ಕೊಟ್ಟಿತು. 2006ರ ಅಧ್ಯಯನದಲ್ಲಿ ಮಾತ್ರ ತಾವೇ ಆರಿಸಿದ್ದಕ್ಕೂ ಕೊಟ್ಟದ್ದನ್ನು ಕೇಳಿದ್ದಕ್ಕೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಇಷ್ಟದ್ದನ್ನು ಕೇಳಿ ಎಂದೇ ನನ್ನ ಸಲಹೆ. ದಾಸರ ಪದವೋ, ತತ್ವಪದವೋ, ಹಳೆಯ ಚಿತ್ರಗೀತೆಯೋ, ಚಿತ್ರದುರ್ಗ ಆಕಾಶವಾಣಿಯಲ್ಲಿ ಬರುವ ಜನಪದ ಗೀತೆಯೋ. ಶಾಸ್ತ್ರೀಯ ಸಂಗೀತ ಹಿಡಿಸದವರನ್ನು ಬಲವಂತವಾಗಿ ಆಲಾಪನೆಯ ಮುಂದೆ ಕೂರಿಸಿದರೆ ನೋವಿನ ಜತೆ ಬೇಸರವೂ ಸೇರುತ್ತದೆ.

ಕೇಳುವುದಕ್ಕಿಂತ ಹಾಡುವುದು ಒಳ್ಳೆಯದೇ?

ಹಾಡುವವರಿಗೆ ಒಳ್ಳೆಯದೇ. ಹಾಡಲು ಉಸಿರು ಎಳೆದು ಬಿಡಬೇಕು, ಪದ ನೆನಪಿಡಬೇಕು, ಬೇರೆಯವರ ದನಿಗೆ ದನಿ ಸೇರಿಸಬೇಕು. ನೋವಿನ ಕಡೆ ನೋಡಲು ಮನಸ್ಸಿಗೆ ಬಿಡುವೇ ಕಡಿಮೆ. ಬೀಸುವ ಕಲ್ಲಿನ ಪದಗಳು, ನಾಟಿಯ ಪದಗಳು ದುಡಿಮೆಯ ಜತೆಗೇ ಹುಟ್ಟಿದವು. ಚಳ್ಳಕೆರೆ ಸೀಮೆಯ ಜನಪದ ಗಾಯಕಿ ಸಿರಿಯಜ್ಜಿಯವರಂಥವರ ನಾಲಗೆಯ ಮೇಲೆ ಅಂಥ ಸಾವಿರಾರು ಪದಗಳಿದ್ದವು. ಅವು ನೋವಿಗೆ ಮದ್ದಾಗಿದ್ದವು ಎಂದು ಯಾರೂ ಅಳೆದಿಲ್ಲ, ನಾನೂ ಹೇಳುವುದಿಲ್ಲ.

ಅಳತೆಯ ದೃಷ್ಟಿಯಿಂದ ಭಜನಾ ಮಂಡಳಿಯಲ್ಲಿ ತೊಡಕೊಂದಿದೆ. ಅಲ್ಲಿ ಹಾಡಿನ ಜತೆ ನಡೆದು ಹೋಗುವುದು, ನಾಲ್ಕು ಜನರ ಮಾತು, ಪ್ರಸಾದ ಎಲ್ಲವೂ ಇರುತ್ತದೆ. ಗುಣ ಕಂಡರೆ ಯಾವುದರಿಂದ ಎಂದು ಬಿಡಿಸಲಾಗದು. ಸಂಶೋಧಕರಿಗೆ ಇದು ತಲೆನೋವು, ನಿಮಗೆ ಅಲ್ಲ. ಹೋಗಿ ಬನ್ನಿ.

ಮಾತ್ರೆ ಕಡಿಮೆಯಾದರೆ ಗುಣವಾದಂತೆಯೇ?

ಒಳ್ಳೆಯ ಸೂಚನೆ. ಆದರೆ ಬಾಯಿಲೆಕ್ಕ ನಂಬಬೇಡಿ. ಖಾಲಿಯಾದ ಮಾತ್ರೆ ಪಟ್ಟಿಗಳನ್ನು ಎಸೆಯದೆ ಹಳೆಯ ಡಬ್ಬಿಯೊಂದಕ್ಕೆ ಹಾಕುತ್ತಾ ಬನ್ನಿ, ತಿಂಗಳ ಕೊನೆಗೆ ಒಡೆದ ಗುಳಿಗಳನ್ನು ಎಣಿಸಿ. "ಅಪರೂಪಕ್ಕೊಂದು" ಎನ್ನುವವರ ಡಬ್ಬಿಯಲ್ಲಿ ಆರು ಪಟ್ಟಿ ಸಿಕ್ಕರೆ ಅಚ್ಚರಿಯಿಲ್ಲ. ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಅಂಗಡಿಯಿಂದ ನೇರವಾಗಿ ತಂದು ನುಂಗುವವರ ಮೂತ್ರಪಿಂಡ ಮತ್ತು ಜಠರಕ್ಕೆ ಈ ಎಣಿಕೆ ಬೇರೆ ಕಾರಣಕ್ಕೂ ಬೇಕು.

ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಹಾಗೆಯೇ ಸ್ಟೀರಾಯ್ಡ್ ಇವನ್ನು ಹಾಡಿನಿಂದ ಹಿತವಾಯಿತೆಂದು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರೇ ಹಂತ ಹಂತವಾಗಿ ಇಳಿಸಬೇಕು.

ನಮ್ಮೂರಿನ ನೀರಿನಲ್ಲಿ ಫ್ಲೋರೈಡ್ ಇದೆ. ಅದರಿಂದ ಬಂದ ಕೀಲುನೋವಿಗೂ ಸಂಗೀತ ಆಗುತ್ತದೆಯೇ?

ಚಿತ್ರದುರ್ಗ ಜಿಲ್ಲೆಯ ಹಲವೆಡೆ, ಜಗಳೂರು ಕಡೆಯೂ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನದಂಡ ಹೇಳುತ್ತದೆ. ವರ್ಷಗಟ್ಟಲೆ ಅದನ್ನು ಮೀರಿದ ನೀರು ಕುಡಿದರೆ ಹಲ್ಲಿನಲ್ಲಿ ಕಲೆ, ಮೂಳೆ ಕೀಲುಗಳಲ್ಲಿ ಬಿಗಿತ, ನೋವು. ಮೊದಲು ನೀರು ಬದಲಾಗಬೇಕು. ಸಂಗೀತದಿಂದ ನಿದ್ರೆ, ಮನಸ್ಸು ಸುಧಾರಿಸಬಹುದು, ಮೂಳೆಯಲ್ಲಿ ಸೇರಿದ್ದು ಇಳಿಯುವುದಿಲ್ಲ. ಇಂಥ ಊರಿನಲ್ಲಿ ಹಾಡಿನ ಶಿಬಿರ ಮಾಡಿ ನೀರಿನ ಮಾತೆತ್ತದೆ ಹೋಗುವುದು ನನಗೆ ಸರಿಕಾಣುವುದಿಲ್ಲ.

ಕೈಗಡಿಯಾರದಲ್ಲಿ ನಾಡಿ ಬಡಿತ ನೋಡಿ ಗುಣ ಹೇಳಬಹುದೇ?

ಇಲ್ಲ. ನಾಡಿ ಇಳಿದರೆ ಮೈ ಸಡಿಲವಾಯಿತು ಎನ್ನಬಹುದು, ನೋವು ಇಳಿಯಿತು ಎನ್ನಲಾಗದು. ರಕ್ತದೊತ್ತಡವೂ ಹಾಗೆಯೇ. ಮೆದುಳಿನ ಸ್ಕ್ಯಾನ್ ಸಂಶೋಧನೆಗೆ ಸೇರಿದ್ದು, ನಿಮ್ಮ ನೋವಿನ ಅಂಕಿಯನ್ನು ಅದು ಓದಿ ಹೇಳುವುದಿಲ್ಲ.

ಸಂಗೀತದಿಂದ ತೊಂದರೆಯೂ ಉಂಟೇ?

ಉಂಟು, ಅದನ್ನೂ ದಿನಚರಿಯಲ್ಲಿ ಬರೆಯಬೇಕು. ತೀರಿಕೊಂಡವರು ಹಾಡುತ್ತಿದ್ದ ಹಾಡು ಕೇಳಿ ಇಡೀ ರಾತ್ರಿ ಅತ್ತವರಿದ್ದಾರೆ. ಅಂಥ ಹಾಡನ್ನು ಬದಿಗಿಡಿ. ದುಃಖ ವಾರಗಟ್ಟಲೆ ಬಿಡದಿದ್ದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಇಯರ್‌ಫೋನ್‌ನ ದನಿ ಜೋರಾದರೆ ಕಿವಿ ಕೆಡುತ್ತದೆ. ವಾರಕ್ಕೆ 40 ಗಂಟೆಯಾದರೆ 80 ಡೆಸಿಬಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಪಕ್ಕದವರ ಮಾತು ಕೇಳಿಸುವಷ್ಟು ಇಟ್ಟರೆ ಸಾಕು.

ಹಾಡು ಬಿಟ್ಟು ತಕ್ಷಣ ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ?

ಬೆನ್ನು ನೋವಿನ ಜತೆ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಯ ಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಕಾಲು ಸೋಲುತ್ತಾ ಹೋದರೆ. ಎದೆ ನೋವು ತೋಳಿಗೋ ದವಡೆಗೋ ಹಬ್ಬಿದರೆ. ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುತ್ತಿರುವಾಗಿನ ಹೊಸ ನೋವಿಗೂ ತಡಮಾಡಬಾರದು.

ಒಳ್ಳೆಯ ಸಂಗೀತ ಚಿಕಿತ್ಸಕರನ್ನು ಗುರುತಿಸುವುದು ಹೇಗೆ?

ಎಲ್ಲಿ ಕಲಿತಿರಿ ಎಂದು ಸಂಕೋಚವಿಲ್ಲದೆ ಕೇಳಿ. ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಲ್ಲಿ ಇದಕ್ಕೆಂದೇ ಕೇಂದ್ರವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮೆದುಳಿನ ಸಂಬಂಧ ಅಧ್ಯಯನ ಮಾಡುವ ಪ್ರಯೋಗಾಲಯವಿದೆ. ಅಂದರೆ ಕಲಿಯಲು ದೇಶದಲ್ಲಿ ದಾರಿಗಳಿವೆ. ಒಳ್ಳೆಯ ಗಾಯಕರೆಲ್ಲ ಚಿಕಿತ್ಸಕರಲ್ಲ. ಮೊದಲ ಭೇಟಿಯಲ್ಲಿ ಅವರು ಹಾಡಿದ್ದಕ್ಕಿಂತ ನಿಮ್ಮನ್ನು ಕೇಳಿದ್ದು ಹೆಚ್ಚಾಗಿದ್ದರೆ ಒಳ್ಳೆಯ ಲಕ್ಷಣ. "ಮಾತ್ರೆ ಬಿಟ್ಟುಬಿಡಿ, ಗ್ಯಾರಂಟಿ" ಎಂದರೆ ಎದ್ದು ಬನ್ನಿ.

ವೈದ್ಯರಿಗೆ ಇಷ್ಟೆಲ್ಲ ಓದಲು ಪುರುಸೊತ್ತೆಲ್ಲಿದೆ?

ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದ ಸಾಲು ನೋಡಿದವರು ಇದನ್ನು ಕೇಳಲೇಬೇಕು. ಒಂದೇ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗಿ. ಸಂಗೀತಕ್ಕೆ ಮೊದಲು ವಾರದ ಸರಾಸರಿ ನೋವು, ಈಗಿನ ಸರಾಸರಿ. ರಾತ್ರಿ ಎಚ್ಚರವಾಗುವುದು ಆಗ ಎಷ್ಟು ಸಲ, ಈಗ ಎಷ್ಟು ಸಲ. ತಿಂಗಳಿಗೆ ಮಾತ್ರೆ ಆಗ ಎಷ್ಟು, ಈಗ ಎಷ್ಟು, ಯಾವ ಹೆಸರಿನದು. ಮೊದಲೇ ಬರೆದಿಟ್ಟ ಕೆಲಸ ಈಗ ಆಗುತ್ತಿದೆಯೋ ಇಲ್ಲವೋ. ನೋಟ್‌ಬುಕ್ ಚೀಲದಲ್ಲಿರಲಿ, ಕೇಳಿದರೆ ತೆಗೆದು ತೋರಿಸಿ.